ಬೆಟ್ಟದ ಹುಲ್ಲುಗಾವಲಿನಲ್ಲಿ ದನ-ಕುರಿ ಮೇದರೆ ಗಿಡಗಳ ವೈವಿಧ್ಯ ಏರುತ್ತದೋ ಇಳಿಯುತ್ತದೋ?

ಹುಲ್ಲುಚೌಕ

ಪ್ರಶ್ನೆ ನೇರವಾಗಿದೆ, ಉತ್ತರಗಳೇ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಮೇಯಿಸುವುದು ನಿಂತ ಮೇಲೆ ಹೂಗಿಡಗಳು ಹಿಂದೆ ಸರಿದು, ಒಂದೆರಡು ಎತ್ತರದ ಹುಲ್ಲೇ ಇಡೀ ಇಳಿಜಾರನ್ನು ಆವರಿಸಿತು ಎಂದು ಒಂದು ಅಧ್ಯಯನ ಹೇಳುತ್ತದೆ. ಬೇಲಿ ಹಾಕಿದ ಮೇಲೆ ಕಾಣೆಯಾಗಿದ್ದ ಹೂಗಿಡಗಳು ಮರಳಿದವು ಎಂದು ಇನ್ನೊಂದು. ಎರಡೂ ಎತ್ತರದ ಬೆಟ್ಟದ ಹುಲ್ಲುಗಾವಲುಗಳೇ. ಮೇಯಿಸುವ ಯೋಜನೆ ಬರೆಯಬೇಕಾದವರು ಯಾವುದನ್ನು ಹಿಡಿಯಬೇಕು? ಕುರಿ ಬಿಟ್ಟರೂ ದನ ಬಿಟ್ಟರೂ ಒಂದೇನಾ? ನಾವೇ ಅಳೆದು ನೋಡುವುದಾದರೆ ಗಿಡ ಎಣಿಸಲು ನೆಲದ ಮೇಲಿಡುವ ಚೌಕಟ್ಟು ಎಷ್ಟು ದೊಡ್ಡದಿರಬೇಕು, ಎಷ್ಟು ಹಾಕಬೇಕು?

ಬೆಟ್ಟಸಾಲು

ಎರಡೂ ಅಧ್ಯಯನ ಸರಿಯಿರಬಹುದು. ಈ ಗೊಂದಲಕ್ಕೆ ಒಳ್ಳೆಯ ವಿವರಣೆ ಕೊಟ್ಟದ್ದು 1988ರಲ್ಲಿ ಮಿಲ್ಚುನಾಸ್, ಸಾಲಾ, ಲಾವೆನ್‌ರಾತ್ ಮೂವರು. ಅವರ ಪ್ರಕಾರ ನೋಡಬೇಕಾದದ್ದು ಎರಡು: ಆ ಜಾಗದ ತೇವ (ಅಂದರೆ ಎಷ್ಟು ಹುಲ್ಲು ಬೆಳೆಯುತ್ತದೆ) ಮತ್ತು ಅಲ್ಲಿನ ಗಿಡಗಳಿಗೆ ಮೇಯುವ ಪ್ರಾಣಿಗಳ ಜೊತೆ ಎಷ್ಟು ಹಳೆಯ ಒಡನಾಟ ಇದೆ ಎಂಬುದು.

ತೇವ, ಆಳದ ಮಣ್ಣು ಇದ್ದಲ್ಲಿ ಎತ್ತರದ ಹುಲ್ಲು ಬೆಳೆದು ಕೆಳಗಿನ ಸಣ್ಣ ಗಿಡಗಳಿಗೆ ಬೆಳಕು ತಪ್ಪಿಸುತ್ತದೆ. ಅಲ್ಲಿ ಬಾಯಿಟ್ಟ ಪ್ರಾಣಿ ಮೊದಲು ಕಡಿಯುವುದು ಆ ಎತ್ತರದ ಹುಲ್ಲನ್ನೇ, ಹಾಗಾಗಿ ಕೆಳಗಿನವು ಬದುಕುತ್ತವೆ. 2014ರಲ್ಲಿ ಬೋರರ್ ಮತ್ತು ಸಂಗಡಿಗರು ಆರು ಖಂಡಗಳ 40 ಹುಲ್ಲುಗಾವಲುಗಳಲ್ಲಿ ಒಂದೇ ವಿಧಾನದಲ್ಲಿ ನೋಡಿದಾಗಲೂ ಇದೇ ಕಂಡಿತು: ಮೇಯುವುದರಿಂದ ನೆಲಮಟ್ಟದಲ್ಲಿ ಬೆಳಕು ಹೆಚ್ಚಿದ ಕಡೆ ವೈವಿಧ್ಯ ಉಳಿಯಿತು. ತೆಳು ಮಣ್ಣಿನ, ಗಾಳಿ ಹೊಡೆಯುವ ಗುಡ್ಡದ ನೆತ್ತಿಯಲ್ಲಿ ಬೆಳಕಿಗೆ ಕೊರತೆಯೇ ಇಲ್ಲ. ಅಲ್ಲಿ ಮೇದದ್ದೆಲ್ಲ ನಷ್ಟದ ಬಾಬ್ತು.

ಪರೀಕ್ಷೆ ಸುಲಭ. ಹುಲ್ಲು ತುಂಬಿ ನಿಂತ ಕಾಲದಲ್ಲಿ, ನಡುಹಗಲಿನ ಹೊತ್ತಿಗೆ ಬೆಳಕಿನ ಮೀಟರನ್ನು ಹುಲ್ಲಿನ ಮೇಲೆ ಒಮ್ಮೆ, ನೆಲಕ್ಕೆ ತಾಗಿಸಿ ಒಮ್ಮೆ ಹಿಡಿಯಿರಿ. ನೆಲದಲ್ಲಿ ಸಿಗುವುದು ಮೇಲಿನದರ ಸಣ್ಣ ಪಾಲಾದರೆ ಮೇಯುವುದರಿಂದ ಲಾಭವಾಗುವ ಸಾಧ್ಯತೆ ಇದೆ. ಎರಡೂ ಹೆಚ್ಚುಕಡಿಮೆ ಒಂದೇ ಆದರೆ ದನ ಕಳಿಸಿ ಜಾತಿ ಹೆಚ್ಚಿಸುತ್ತೇನೆ ಎಂಬ ಆಸೆ ಬಿಡಿ.

ಒಡನಾಟದ ವಿಷಯ: ಟಿಬೆಟ್ ಪ್ರಸ್ಥಭೂಮಿಯ ಕೋಬ್ರೀಸಿಯಾ ಪಿಗ್ಮಿಯಾ ನೆಲಕ್ಕಂಟಿ ಎರಡು ಸೆಂಟಿಮೀಟರ್ ಆಸುಪಾಸು ಬೆಳೆಯುವ ಜೊಂಡಿನ ಜಾತಿ. ಯಾಕ್, ಕುರಿಗಳ ಬಾಯಿಗೆ ಹೊಂದಿಕೊಂಡೇ ಹಬ್ಬಿದ್ದು. ಮೇಯಿಸುವುದು ನಿಂತರೆ ಅದರ ಜಾಗಕ್ಕೆ ಎತ್ತರದ ಹುಲ್ಲು ಬರುತ್ತದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕತೆಯೇ ಬೇರೆ. ಮನುಷ್ಯರು ತರುವವರೆಗೆ ಅಲ್ಲಿ ಗೊರಸಿನ ಪ್ರಾಣಿಯೇ ಇರಲಿಲ್ಲ, ಮೇಯುತ್ತಿದ್ದದ್ದು ಈಗ ಅಳಿದುಹೋಗಿರುವ, ಹಾರಲಾರದ ದೊಡ್ಡ ಹಕ್ಕಿ ಮೋವಾ. ಕುರಿ ಹೊಕ್ಕ ಮೇಲೆ ಪೊದೆಹುಲ್ಲು ಸವೆದು, ಖಾಲಿಯಾದ ನೆಲವನ್ನು ಯುರೋಪಿನಿಂದ ಬಂದ ಪೈಲೊಸೆಲ್ಲಾ ಎಂಬ ಕಳೆ ಚಾಪೆಯಂತೆ ಹಾಸಿಕೊಂಡಿತು.

ಕುರಿಲೆಕ್ಕ

ಬೆಟ್ಟಸಾಲು ಅವರು ಹೇಳಿದ್ದು ಜಾಗದ ಅರ್ಧ. ಉಳಿದರ್ಧ ಬಾಯಿಯದ್ದು.

ಹಸುವಿಗೆ ಮೇಲುದವಡೆಯಲ್ಲಿ ಮುಂಹಲ್ಲಿಲ್ಲ. ನಾಲಿಗೆ ಚಾಚಿ ಒಂದು ಹಿಡಿ ಹುಲ್ಲನ್ನು ಸುತ್ತಿ, ಕೆಳಹಲ್ಲಿಗೆ ಒತ್ತಿ ತಲೆ ಎಳೆದು ಕೀಳುತ್ತೆ. ಹಿಡಿಯಲ್ಲಿ ಏನಿದೆ ಅಂತ ಅಷ್ಟಾಗಿ ಆರಿಸಲ್ಲ. ಐದು ಸೆಂಟಿಮೀಟರ್‌ಗಿಂತ ಗಿಡ್ಡ ಇದ್ದರೆ ನಾಲಿಗೆಗೆ ಸಿಗೋದೇ ಕಷ್ಟ. ಕುರಿಗೂ ಮೇಲೆ ಮುಂಹಲ್ಲಿಲ್ಲ, ಆದರೆ ಮೇಲ್ತುಟಿ ಸೀಳಿದೆ, ಬಾಯಿ ಚೂಪು. ಎರಡು ಹುಲ್ಲಿನೆಸಳಿನ ನಡುವೆ ಮೂತಿ ತೂರಿಸಿ ಒಂದು ಮೊಗ್ಗನ್ನಷ್ಟೇ ಕಿತ್ಕೊಂಡು ಬರುತ್ತೆ. ನೆಲದಿಂದ ಎರಡು ಮೂರು ಸೆಂಟಿಮೀಟರ್‌ವರೆಗೂ ಕಡಿಯುತ್ತೆ. ಹೂಗಿಡಕ್ಕೆ ಕುರಿ ಹಸುಗಿಂತ ದುಬಾರಿ ಅನ್ನೋದು ಇದಕ್ಕೇ. ಕುದುರೆಗೆ ಮೇಲೂ ಕೆಳಗೂ ಹಲ್ಲು, ಕತ್ತರಿ ಇದ್ದ ಹಾಗೆ. ಮೇಯೋ ತುಂಡನ್ನ ಬೋಳು ಮಾಡಿ, ಲದ್ದಿ ಹಾಕೋಕೆ ಬೇರೆ ತುಂಡು ಇಟ್ಕೊಳ್ಳುತ್ತೆ. ಮೇಕೆಗೆ ಪೊದೆ ಮೇಲೇ ಕಣ್ಣು.

ನಾರ್ಡಸ್ ಸ್ಟ್ರಿಕ್ಟಾ ನೋಡಿ. ಯುರೋಪಿನ ಬೆಟ್ಟಗಳ ಒರಟು ಹುಲ್ಲು, ಸಿಲಿಕಾ ಜಾಸ್ತಿ. ಕುರಿ ಅದನ್ನ ಬಿಟ್ಟು ಸುತ್ತ ಇರೋ ಮೆತ್ತನೆಯದನ್ನೆಲ್ಲ ತಿನ್ನುತ್ತೆ. ವರ್ಷ ಕಳೆದ ಹಾಗೆ ನಾರ್ಡಸ್ ಕುಚ್ಚುಗಳೇ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಬ್ರಿಟನ್ನಿನ ಗುಡ್ಡಗಳಲ್ಲಿ ದನ ಕಡಿಮೆಯಾಗಿ ಬರೀ ಕುರಿ ಉಳಿದಾಗ ಆದದ್ದು ಇದು. ದನ ಅದನ್ನೂ ಒಂದಷ್ಟು ತಿನ್ನುತ್ತೆ, ಅದರಲ್ಲೂ ಹಂಗಾಮಿನ ಶುರುವಿನಲ್ಲಿ ಎಳೆಯದಾಗಿದ್ದಾಗ. "ಇಷ್ಟು ಪಶು ಘಟಕ" ಅಂತ ಕುರಿ ದನ ಕೂಡಿಸಿ ಒಂದೇ ಅಂಕಿ ಬರೆಯೋರು ಈ ವ್ಯತ್ಯಾಸವನ್ನ ನುಂಗಿಹಾಕ್ತಾರೆ.

ಗೊರಸುಗುರುತು

ಬಾಯಿಗೆ ಅಂಟಿಕೊಂಡು ಹಿಂಬದಿ ಮರೆಯಬೇಡಿ. ಎಷ್ಟೋ ಕಡೆ ತಿಂದದ್ದಕ್ಕಿಂತ ಹಾಕಿದ್ದೇ ಗಿಡಗಳ ಪಟ್ಟಿಯನ್ನು ಬದಲಿಸುತ್ತದೆ.

ಪ್ರಾಣಿಗಳು ಇಡೀ ಇಳಿಜಾರಿನಲ್ಲಿ ಮೇಯುತ್ತವೆ, ಮಲಗುವುದು ಮಾತ್ರ ಸಮತಟ್ಟಾದ ಒಂದೆರಡು ಜಾಗದಲ್ಲಿ. ರಾತ್ರಿಯ ಸಗಣಿ, ಹಿಕ್ಕೆ, ಗಂಜಲ ಅಲ್ಲೇ. ಅಂದರೆ ಬೆಟ್ಟದ ತುಂಬ ಇದ್ದ ಸಾರಜನಕ, ರಂಜಕವನ್ನು ಪ್ರತಿದಿನ ಗುಡಿಸಿ ಒಂದು ಮೂಲೆಗೆ ಸುರಿದಂತೆ. ಹಸುವಿನ ಗಂಜಲ ಒಂದು ಸಲ ಬಿದ್ದ ತೇಪೆಯಲ್ಲಿ ಸಾರಜನಕದ ಪ್ರಮಾಣ ಹೆಕ್ಟೇರಿನ ಲೆಕ್ಕಕ್ಕೆ ತಂದರೆ 500ರಿಂದ 1000 ಕಿಲೋದಷ್ಟಾಗುತ್ತದೆ. ಯಾವ ಬೆಟ್ಟದ ಗಿಡಕ್ಕೂ ಅಷ್ಟು ಬೇಡ. ಅಷ್ಟನ್ನು ಅರಗಿಸಿಕೊಳ್ಳುವ ನಾಲ್ಕೈದು ಜಾತಿ ಮಾತ್ರ ಉಳಿಯುತ್ತವೆ: ಆಲ್ಪ್ಸ್‌ನಲ್ಲಿ ರೂಮೆಕ್ಸ್ ಆಲ್ಪೈನಸ್ ಮತ್ತು ತುರಿಕೆ ಗಿಡ ಅರ್ಟಿಕಾ, ಹಿಮಾಲಯದಲ್ಲಿ ರೂಮೆಕ್ಸ್ ನೇಪಾಲೆನ್ಸಿಸ್. ಮಂದೆ ಹೋಗಿ ದಶಕಗಳಾದರೂ ಹಳೆಯ ತಂಗುದಾಣವನ್ನು ಆ ಅಗಲ ಎಲೆಗಳ ತೇಪೆಯಿಂದಲೇ ಗುರುತಿಸಬಹುದು.

ಹತ್ತಿರದಿಂದ ಒಂದು ಸಗಣಿಯನ್ನು ನೋಡಿ. ನಡುವೆ 25–30 ಸೆಂಟಿಮೀಟರ್ ಅಗಲದ ಬಿಲ್ಲೆ, ಅದರಡಿ ಹುಲ್ಲು ಬೆಳಕಿಲ್ಲದೆ ಬಿಳಚಿ ಸತ್ತಿರುತ್ತದೆ. ಅದರ ಸುತ್ತ ಕಡುಹಸಿರಿನ, ದಟ್ಟ, ಎತ್ತರದ ಉಂಗುರ. ಹಸು ತನ್ನ ಸಗಣಿಯ ಹತ್ತಿರ ಬಾಯಿ ಹಾಕುವುದಿಲ್ಲ, ಹಾಗಾಗಿ ಆ ಉಂಗುರ ತಿಂಗಳುಗಟ್ಟಲೆ ಮೇಯದೆ ಉಳಿಯುತ್ತದೆ. ಬಿಲ್ಲೆ ಒಣಗಿ ಬಿರಿದ ಮೇಲೆ ಅದರ ಬಿರುಕಿನಲ್ಲಿ ಮೊಳಕೆ. ಹೀಗೆ ಒಂದೇ ಚದರ ಮೀಟರಿನಲ್ಲಿ ಸತ್ತ ನೆಲ, ಕೊಬ್ಬಿದ ಹುಲ್ಲು, ಬೋಳು ಹುಲ್ಲು ಮೂರೂ ಸಿಗುತ್ತವೆ. ಚದುರಿ ಬಿದ್ದರೆ ಇದು ವೈವಿಧ್ಯಕ್ಕೆ ಅನುಕೂಲ. ಒಂದೇ ಕಡೆ ಒಟ್ಟಿದರೆ ರೂಮೆಕ್ಸ್ ಹೊಲ.

ಯೋಜನೆಯಲ್ಲಿ ಮೊದಲು ಬರೆಯಬೇಕಾದ ಸಾಲು ತಲೆಗಳ ಸಂಖ್ಯೆ ಅಲ್ಲ, ರಾತ್ರಿ ಎಲ್ಲಿ ತಂಗುತ್ತವೆ ಎಂಬುದು. ತಂಗುವ ಜಾಗವನ್ನು ಕೆಲವು ರಾತ್ರಿಗೊಮ್ಮೆ ಬದಲಿಸಿ. ಉಪ್ಪನ್ನು ನೀರಿನ ಬಳಿ ಇಡಬೇಡಿ, ಪ್ರಾಣಿಗಳು ಹೋಗದೆ ಹುಲ್ಲು ಬಲಿತ ಕಡೆ ಬಂಡೆಯ ಮೇಲಿಡಿ. ಬರೀ ಉಪ್ಪಿನ ಜಾಗ ಬದಲಿಸಿದರೂ ಮಂದೆಯ ದಾರಿ ಬದಲಾಗುತ್ತದೆ.

ಸಸ್ಯಪಟ್ಟಿ

ಚರ್ಚೆ ಚೆನ್ನಾಗಿದೆ, ಆದರೆ "ಜಾತಿಗಳ ಸಂಖ್ಯೆ" ಎಂಬುದನ್ನು ಎಲ್ಲರೂ ಸಲೀಸಾಗಿ ಬಳಸುತ್ತಿದ್ದೀರಿ. ಆ ಅಂಕಿ ಸುಲಭವಾಗಿ ಸುಳ್ಳಾಡುತ್ತದೆ.

ತುಳಿದು ಕೆದಕಿದ ನೆಲದಲ್ಲಿ ಒಂದು ವರ್ಷ ಬಾಳುವ ಕಳೆಗಳು, ತಗ್ಗಿನಿಂದ ಬಂದ ಸಾಮಾನ್ಯ ಗಿಡಗಳು ಆರೇಳು ಸೇರಿ, ಬೆಟ್ಟಕ್ಕೇ ಸೀಮಿತವಾದ ನಾಲ್ಕು ಹೋದರೆ ನಿಮ್ಮ ಪಟ್ಟಿ ಉದ್ದವಾಗಿಯೇ ಇರುತ್ತದೆ. ಸಂಖ್ಯೆ ಏರಿತು ಎಂದು ವರದಿ ಬರೆಯಬಹುದು, ಕಳೆದುಕೊಂಡದ್ದು ಅದರಲ್ಲಿ ಕಾಣುವುದಿಲ್ಲ. ಕಡೇಪಕ್ಷ ಎರಡು ಪಟ್ಟಿ ಮಾಡಿ: ಆ ಎತ್ತರದ ಹುಲ್ಲುಗಾವಲಿಗೇ ಸೇರಿದವು ಒಂದು, ಎಲ್ಲಿ ಬೇಕಾದರೂ ಬೆಳೆಯುವವು ಇನ್ನೊಂದು.

ಎರಡನೆಯದು ಅಳತೆಯ ವ್ಯಾಪ್ತಿ. ಒಂದು ಚದರ ಮೀಟರಿನಲ್ಲಿ ದಾಖಲಾದ ಅತಿ ಹೆಚ್ಚು ಸಸ್ಯ ಜಾತಿಗಳು 89, ಅದು ಅರ್ಜೆಂಟೀನಾದ ಮೇಯಿಸುವ ಬೆಟ್ಟದ ಹುಲ್ಲುಗಾವಲಿನಲ್ಲಿ. ಉಷ್ಣವಲಯದ ಮಳೆಕಾಡು ಕೂಡ ಅಷ್ಟು ಸಣ್ಣ ತುಂಡಿನಲ್ಲಿ ಇದನ್ನು ಮೀರುವುದಿಲ್ಲ, ತುಂಡು ದೊಡ್ಡದಾದಂತೆ ಕಾಡು ಮುಂದೆ ಹೋಗುತ್ತದೆ. ಮೇಯಿಸುವ ಪ್ರಶ್ನೆಗೂ ಇದೇ ಮಾತು. ಸಮನಾಗಿ ಮೇದ ಇಳಿಜಾರಿನಲ್ಲಿ ಪ್ರತಿ ಚೌಕದಲ್ಲೂ ಹೆಚ್ಚು ಜಾತಿ ಸಿಗಬಹುದು, ಆದರೆ ಎಲ್ಲ ಚೌಕದಲ್ಲೂ ಅವೇ ಜಾತಿ. ಒಂದಿಷ್ಟು ಮೇದು ಒಂದಿಷ್ಟು ಬಿಟ್ಟ ಇಳಿಜಾರಿನಲ್ಲಿ ಚೌಕಕ್ಕೆ ಕಡಿಮೆ ಸಿಕ್ಕರೂ ಒಟ್ಟು ಪಟ್ಟಿ ದೊಡ್ಡದಿರಬಹುದು. ಚೌಕವೊಂದರ ಸರಾಸರಿ ಮಾತ್ರ ಕೊಟ್ಟ ಅಧ್ಯಯನ ಇಡೀ ಬೆಟ್ಟದ ಬಗ್ಗೆ ಏನನ್ನೂ ಹೇಳಿದಂತಲ್ಲ.

ಹುಲ್ಲುಚೌಕ

ತುಂಬ ಉಪಯೋಗವಾಯಿತು. ಉತ್ತರಾಖಂಡದ ಹೂಗಳ ಕಣಿವೆಯನ್ನು ಎಲ್ಲರೂ "ನಿಷೇಧದ ತಪ್ಪು" ಎಂಬುದಕ್ಕೆ ಉದಾಹರಣೆ ಕೊಡುತ್ತಾರಲ್ಲ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಕುರಿ ನಿಂತಿತು, ಪಾಲಿಗೋನಮ್ ಪಾಲಿಸ್ಟಾಕಿಯಂ ಹಬ್ಬಿ ಹೂಗಿಡಗಳನ್ನು ಮುಚ್ಚಿತು ಎಂದು. ಅದು ಮೇಲೆ ಹೇಳಿದ ತೇವದ ಜಾಗದ ಲೆಕ್ಕಕ್ಕೆ ಸರಿಹೊಂದುತ್ತದಲ್ಲವೇ?

ಕುರಿಲೆಕ್ಕ

ಹೊಂದುತ್ತೆ. ಆ ಗಿಡ ಆಳೆತ್ತರ ಬೆಳೆಯುತ್ತೆ, ಬೇರಿನಿಂದ ಬೇರಿಗೆ ಹಬ್ಬುತ್ತೆ, ನೆರಳಿನಲ್ಲಿ ಬೇರೇನೂ ಏಳಲ್ಲ. ಎಳೆಯದಾಗಿದ್ದಾಗ ಬಾಯಿ, ಗೊರಸು ಬಿದ್ದಿದ್ದರೆ ಇಷ್ಟು ಎತ್ತರಕ್ಕೆ ಬರ್ತಿರಲಿಲ್ಲ.

ಸಸ್ಯಪಟ್ಟಿ

ಇಷ್ಟು ಬೇಗ ತೀರ್ಪು ಬೇಡ. ಪಾಲಿಗೋನಮ್ ಹೊರಗಿನಿಂದ ಬಂದ ಕಳೆಯಲ್ಲ, ಹಿಮಾಲಯದ್ದೇ ಗಿಡ. ಅದು ದಟ್ಟವಾಗಿ ಹಬ್ಬುವುದು ಹಳೆಯ ತಂಗುದಾಣ, ಕುಸಿದ ಇಳಿಜಾರು, ಜಾರಿದ ಹಿಮರಾಶಿ ಉಜ್ಜಿದ ಜಾಗ ಇಂಥ ಕೆದಕಿದ ನೆಲದಲ್ಲಿ. ಹಾಗಿದ್ದರೆ ಕಾರಣ ಮೇಯುವುದು ನಿಂತದ್ದೋ ಅಥವಾ ಹಿಂದೆ ಮೇದಾಗ ನೆಲ ಕೊಬ್ಬಿದ್ದೋ? ಗೊರಸುಗುರುತು ಅವರು ಹೇಳಿದ ರೂಮೆಕ್ಸ್ ಕತೆಯ ಇನ್ನೊಂದು ರೂಪ ಇದಾಗಿರಬಹುದು. ಇಡೀ ಕಣಿವೆಗೆ ಒಮ್ಮೆಲೇ ನಿಷೇಧ ಬಂದರೆ ಹೋಲಿಸಿ ನೋಡಲು ಒಳಗೆ ಮೇಯುವ ತುಂಡು ಉಳಿಯುವುದಿಲ್ಲ. ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಎಂಬುದಷ್ಟೇ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಬೆಟ್ಟಸಾಲು

ಹೋಲಿಕೆ ಇಟ್ಟುಕೊಂಡೇ ಮಾಡಿದ್ದಕ್ಕೆ ಉದಾಹರಣೆ ಬೇಕಾದರೆ ಆಸ್ಟ್ರೇಲಿಯಾದ ಬೋಗಾಂಗ್ ಎತ್ತರದ ಬಯಲು ನೋಡಿ. 1940ರ ದಶಕದ ನಡುವಿನಲ್ಲಿ ಸಸ್ಯವಿಜ್ಞಾನಿ ಮೇಸಿ ಫಾಸೆಟ್ ಅಲ್ಲಿ ಬೇಲಿ ಹಾಕಿಸಿ ಒಳಗೂ ಹೊರಗೂ ಗುರುತು ಮಾಡಿದ ತುಂಡುಗಳನ್ನು ಅಳೆಯಲು ಶುರುಮಾಡಿದರು. ಅವರ ನಂತರವೂ ಬೇರೆಯವರು ದಶಕಗಳ ಕಾಲ ಅವನ್ನೇ ಅಳೆದರು. ಅಲ್ಲಿ ಬೇಲಿಯೊಳಗೆ ದನಕ್ಕೆ ಇಷ್ಟವಾದ ಅಗಲ ಎಲೆಯ ಹೂಗಿಡಗಳು ಹೆಚ್ಚಿದವು, ಬರಿ ನೆಲ ಮುಚ್ಚಿಕೊಂಡಿತು. ಹೊರಗೆ ಎರಡೂ ನಿಧಾನ. ವಿಕ್ಟೋರಿಯಾದ ಆಲ್ಪೈನ್ ರಾಷ್ಟ್ರೀಯ ಉದ್ಯಾನದಲ್ಲಿ ದನದ ಪರವಾನಗಿಗಳು 2005ರಲ್ಲಿ ಕೊನೆಗೊಂಡವು. "ದನ ಮೇದರೆ ಕಾಳ್ಗಿಚ್ಚು ಕಡಿಮೆ" ಎಂಬ ವಾದ ಜೋರಾಗಿತ್ತು, 2003ರ ಬೆಂಕಿ ಹರಡಿದ ರೀತಿಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಉರಿಯುತ್ತಿದ್ದದ್ದು ಪೊದೆ, ದನ ತಿನ್ನುತ್ತಿದ್ದದ್ದು ಹುಲ್ಲು.

ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಉದ್ಯಾನ (1914) ಇನ್ನೊಂದು ಬಗೆ. ದನ-ಕುರಿ ನಿಂತವು, 1917ರಿಂದ ಶಾಶ್ವತ ತುಂಡುಗಳಲ್ಲಿ ದಾಖಲೆ ಇದೆ. ಎಲ್ಲ ಕಾಡಾಗುತ್ತದೆ ಎಂದುಕೊಂಡಿದ್ದರು. ಕೆಂಪು ಜಿಂಕೆಗಳು ಬಂದು ಹಳೆಯ ದನದ ತಂಗುದಾಣಗಳ ಕೊಬ್ಬಿದ ಹುಲ್ಲನ್ನೇ ಹುಡುಕಿ ಮೇದು ಗಿಡ್ಡವಾಗಿಟ್ಟವು, ಅಲ್ಲಿ ಜಾತಿಗಳೂ ಏರಿದವು. ಸಾಕುಪ್ರಾಣಿ ಹೊರಟಿತು ಎಂದರೆ ಮೇಯುವುದು ನಿಂತಿತು ಎಂದಲ್ಲ.

ಕುರಿಲೆಕ್ಕ

ಸಂಖ್ಯೆ ಹೇಗೆ ಲೆಕ್ಕ ಹಾಕೋದು ಅಂತ ಯಾರೂ ಹೇಳಲಿಲ್ಲ, ಹೇಳಿಬಿಡ್ತೀನಿ.

50×50 ಸೆಂಟಿಮೀಟರ್ ಚೌಕಟ್ಟು, ಮೇಯೋಕೆ ಮುಂಚೆ, ಹುಲ್ಲು ತುಂಬಿದಾಗ ಕನಿಷ್ಠ ಹತ್ತು ಕಡೆ ಕತ್ತರಿಸಿ. ಚೆಂದ ಕಂಡಲ್ಲಿ ಹಾಕಬೇಡಿ, ಗೆರೆ ಎಳೆದು ಇಷ್ಟಿಷ್ಟು ಹೆಜ್ಜೆಗೆ ಅಂತ ಹಾಕಿ. 65 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿ. ಗ್ರಾಮನ್ನ 40ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋ. ಸರಾಸರಿ 37.5 ಗ್ರಾಂ ಅಂದರೆ 1500 ಕಿಲೋ. ಅದರಲ್ಲಿ ಇಳಿಜಾರಿನಲ್ಲಿ 35 ಶೇಕಡಾ ಮಾತ್ರ ಮೇವು ಅಂತ ಹಿಡೀರಿ: 525 ಕಿಲೋ. 40 ಕಿಲೋ ತೂಕದ ಕುರಿ ದಿನಕ್ಕೆ ತೂಕದ 2.5 ಶೇಕಡಾ, ಅಂದರೆ ಒಂದು ಕಿಲೋ ಒಣಮೇವು ತಿನ್ನುತ್ತೆ. ಹೆಕ್ಟೇರಿಗೆ 525 ಕುರಿ-ದಿನ (ಒಂದು ಕುರಿ ಒಂದು ದಿನ ಮೇಯೋದು ಒಂದು ಕುರಿ-ದಿನ). 20 ಹೆಕ್ಟೇರ್, 300 ಕುರಿ ಇದ್ದರೆ 35 ದಿನ. 400 ಕಿಲೋದ ಹಸುವಾದರೆ ದಿನಕ್ಕೆ ಹತ್ತು ಕಿಲೋ, ಹೆಕ್ಟೇರಿಗೆ 52 ಹಸು-ದಿನ.

ಎಡವೋದು ಇಲ್ಲಿ. ನಕ್ಷೆಯ 20 ಹೆಕ್ಟೇರಿನಲ್ಲಿ ಬಂಡೆ, ಪೊದೆ, ಕಡಿದಾದ ಭಾಗ ಕಳೆದರೆ ಹನ್ನೆರಡು ಉಳಿಯಬಹುದು. ಆ ಹನ್ನೆರಡರಲ್ಲೂ ಕಾಯೋರಿಲ್ಲದೆ ಬಿಟ್ಟರೆ ಮಂದೆ ಇಷ್ಟವಾದ ಐದು ಹೆಕ್ಟೇರಿಗೇ ಮತ್ತೆ ಮತ್ತೆ ಬರುತ್ತೆ. ಕಾಗದದ ಮೇಲೆ ಹಗುರ ಮೇವು, ನೆಲದ ಮೇಲೆ ಐದು ಹೆಕ್ಟೇರ್ ಬೋಳು, ಉಳಿದದ್ದು ಬಲಿತು ಒಣಗಿದ್ದು. ಒಂದೇ ಬೆಟ್ಟದಲ್ಲಿ ಅತಿಯಾಗಿ ಮೇದದ್ದೂ ಮೇಯದೇ ಬಿಟ್ಟದ್ದೂ ಅಕ್ಕಪಕ್ಕ. ಕುರಿಗಾಹಿ ಜೊತೆಗಿದ್ದು ದಿನಾ ದಾರಿ ಬದಲಿಸೋದಕ್ಕೂ ಸುಮ್ಮನೆ ಬಿಡೋದಕ್ಕೂ ಇರೋ ಅಂತರ, 300 ಕುರಿಗೂ 200 ಕುರಿಗೂ ಇರೋದಕ್ಕಿಂತ ದೊಡ್ಡದು ಅಂತ ನನ್ನ ಖಚಿತ ಅಭಿಪ್ರಾಯ.

ಬೆಟ್ಟಸಾಲು

ಕಾಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎತ್ತರದ ಎಷ್ಟೋ ಗಿಡಗಳು ಈ ವರ್ಷ ಅರಳುವ ಮೊಗ್ಗನ್ನು ಹೋದ ವರ್ಷವೋ ಅದರ ಹಿಂದಿನ ವರ್ಷವೋ ಕಟ್ಟಿಟ್ಟಿರುತ್ತವೆ, ಹಂಗಾಮು ಅಷ್ಟು ಚಿಕ್ಕದು. ಒಂದು ಕಡಿತಕ್ಕೆ ಹೋಗುವುದು ಎರಡು ವರ್ಷದ ಉಳಿತಾಯ. ಹುಲ್ಲಿಗೆ ಚಿಗುರುವ ಕಣ್ಣು ಬುಡದಲ್ಲಿದೆ, ತುದಿ ಹೋದರೆ ಮತ್ತೆ ಬರುತ್ತದೆ. ನೆಟ್ಟಗೆ ಬೆಳೆದು ತುದಿಯಲ್ಲಿ ಹೂ ಬಿಡುವ ಗಿಡಕ್ಕೆ ಆ ಅವಕಾಶ ಇಲ್ಲ. ನೆಲಕ್ಕೆ ಒತ್ತಿದ ಎಲೆಚಕ್ರದ ಗಿಡಗಳು ಬಾಯಿಗೇ ಸಿಗುವುದಿಲ್ಲ, ಅದಕ್ಕೇ ಹೆಚ್ಚು ಮೇದಲ್ಲಿ ಅವೇ ಕಾಣುವುದು.

ಹಾಗಾಗಿ ಬೆಟ್ಟವನ್ನು ಮೂರೋ ನಾಲ್ಕೋ ತುಂಡು ಮಾಡಿ, ಪ್ರತಿ ವರ್ಷ ಒಂದಕ್ಕೆ ಬೀಜ ಉದುರುವವರೆಗೆ ಪ್ರಾಣಿ ಹೋಗದಂತೆ ನೋಡಿಕೊಳ್ಳಿ, ವರ್ಷವರ್ಷ ಸರದಿ ಬದಲಿಸಿ. ಒಂದೇ ತುಂಡಿಗೆ ಪ್ರತಿ ವರ್ಷ ಮೊದಲು ಹೋದರೆ ಅಲ್ಲಿ ಬೇಗ ಅರಳುವ ಜಾತಿಗಳು ಬೀಜ ಕಟ್ಟುವುದೇ ಇಲ್ಲ. ಹಿಮ ಕರಗಿ ನೆಲ ಇನ್ನೂ ಕೆಸರಾಗಿರುವಾಗ ದನ ಬಿಡಬೇಡಿ. ಬೂಟಿನ ಹಿಮ್ಮಡಿ ಊರಿದಾಗ ನೀರು ಜಿನುಗಿದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ. ಒದ್ದೆ ಇಳಿಜಾರಿನಲ್ಲಿ ಗೊರಸು ಹುಲ್ಲಿನ ಹಾಸನ್ನೇ ಹರಿದು ಕೆಳಕ್ಕೆ ಜಾರಿಸುತ್ತದೆ. ಒಣನೆಲದ ಮೇಲಿನ ಬಿಡಿ ಗೊರಸಿನ ಗುಂಡಿ ಮಾತ್ರ ಒಳ್ಳೆಯದೇ. ಬಾಗಿ ನೋಡಿದರೆ ಸುತ್ತಲಿನ ಹಾಸಿನಲ್ಲಿ ಒಂದೂ ಮೊಳಕೆ ಇರುವುದಿಲ್ಲ, ಗುಂಡಿಯಲ್ಲಿ ಮೂರು ನಾಲ್ಕು ಇರುತ್ತವೆ.

ಎತ್ತರ3200

ಬೀಜದ ವಿಷಯ ಬಂದದ್ದರಿಂದ: ಜರ್ಮನಿಯಲ್ಲಿ ಒಂದೇ ಕುರಿಯ ಉಣ್ಣೆಯಿಂದ 85 ಜಾತಿಗಳ 8,500ಕ್ಕೂ ಹೆಚ್ಚು ಬೀಜ ಸಿಕ್ಕ ದಾಖಲೆ ಇದೆ (1996, ಸುಣ್ಣಕಲ್ಲಿನ ಹುಲ್ಲುಗಾವಲು). ಮಂದೆ ನಡೆಯುವುದು ನಿಂತರೆ ಬಿಡಿ ಬಿಡಿ ಹುಲ್ಲುಗಾವಲುಗಳ ನಡುವೆ ಗಿಡಗಳ ಸಾಗಾಟವೂ ನಿಲ್ಲುತ್ತದೆ. ಕಳೆ ಬೀಜವೂ ಇದೇ ದಾರಿಯಲ್ಲೇ ಬರುವುದು. ತಗ್ಗಿನಲ್ಲಿ ಕಳೆ ಹೊಲ ಮೇದು ನೇರ ಬೆಟ್ಟ ಹತ್ತಿಸಬೇಡಿ, 3–4 ದಿನ ಕಳೆಯಿಲ್ಲದ ಮೇವು ಕೊಟ್ಟು ಹೊಟ್ಟೆ ಖಾಲಿಯಾಗಲು ಬಿಡಿ. ಮೇಲೆ ಒಣಹುಲ್ಲು ಹೊತ್ತು ಹಾಕುವುದು ಇನ್ನೂ ಅಪಾಯ. ಜಂತುಹುಳುವಿನ ಔಷಧಿಯನ್ನೂ ಹತ್ತುವ ಹಿಂದಿನ ದಿನ ಕೊಡಬೇಡಿ. ಐವರ್‌ಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ, ಸಗಣಿ ಕರಗದೆ ಬಿಲ್ಲೆಯಾಗಿಯೇ ಉಳಿಯುತ್ತದೆ.

ಪೊದೆ ಏರಿದ್ದರೆ ಯಾವ ತಳಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆಲ್ಪ್ಸ್‌ನಲ್ಲಿ ಬಿಟ್ಟ ಹುಲ್ಲುಗಾವಲಿಗೆ ಏರುವ ಹಸಿರು ಆಲ್ಡರ್ ಎಂಬ ಪೊದೆ ಗಾಳಿಯ ಸಾರಜನಕ ಹಿಡಿದು ಮಣ್ಣನ್ನೇ ಬದಲಿಸುತ್ತದೆ, ಅಡಿಯಲ್ಲಿ ಕೆಲವೇ ಜಾತಿ ಉಳಿಯುತ್ತವೆ. ಎಂಗಡೀನ್ ಕುರಿ ಅದರ ತೊಗಟೆ ಸುಲಿದು ತಿನ್ನುತ್ತದೆ, ಬೇರೆ ತಳಿಗಳು ಸುಮ್ಮನೆ ಪಕ್ಕದಲ್ಲಿ ಹಾದು ಹೋಗುತ್ತವೆ. ಹಗುರ ಮೈಯ, ಆರಿಸದೆ ತಿನ್ನುವ ಹೈಲ್ಯಾಂಡ್ ದನ ಮೇದ ಕಡೆ ಹೆಚ್ಚು ಇಳುವರಿಗೆ ಬೆಳೆಸಿದ ಭಾರದ ತಳಿ ಮೇದ ಕಡೆಗಿಂತ ಹೆಚ್ಚು ಸಸ್ಯ ಜಾತಿ ಸಿಕ್ಕಿವೆ.

ಬಿಸಿಯೇರುತ್ತಿರುವ ಹವಾಮಾನದ ಲೆಕ್ಕವೂ ಇದೆ. ಟಿಬೆಟ್‌ನಲ್ಲಿ ಮೇಲ್ಭಾಗ ತೆರೆದ ಪಾರದರ್ಶಕ ಪೆಟ್ಟಿಗೆಗಳಿಂದ ನೆಲವನ್ನು ಬೆಚ್ಚಗಿಟ್ಟಾಗ ನಾಲ್ಕು ವರ್ಷದಲ್ಲಿ 26ರಿಂದ 36 ಶೇಕಡಾ ಜಾತಿ ಹೋದವು (ಕ್ಲೈನ್ ಮತ್ತು ಸಂಗಡಿಗರು, 2004). ಮೇದಂತೆ ಕತ್ತರಿಸಿದ ತುಂಡುಗಳಲ್ಲಿ ನಷ್ಟ ಕಡಿಮೆ.

ಹುಲ್ಲುಚೌಕ

ಸಸ್ಯಪಟ್ಟಿ ಅವರೇ, ಅಳತೆಯ ಪ್ರಶ್ನೆ ಉಳಿದಿದೆ. ಒಂದು ಬೇಲಿ ಹಾಕಿ ಒಳಗೆ 20, ಹೊರಗೆ 20 ಚೌಕ ಇಟ್ಟರೆ ಸಾಕೇ?

ಸಸ್ಯಪಟ್ಟಿ

ಸಾಲದು. ಒಂದು ಬೇಲಿಯೊಳಗೆ 20 ಚೌಕ ಹಾಕಿದರೂ ಅದು ಒಂದೇ ಮಾದರಿ. ಆ ಬೇಲಿ ಬಿದ್ದ ಜಾಗವೇ ಸ್ವಲ್ಪ ತೇವವಾಗಿದ್ದರೆ ನೀವು ಅಳೆದದ್ದು ತೇವವನ್ನು, ಮೇಯುವುದನ್ನಲ್ಲ. ಐದಾರು ಬೇಲಿ ಬೇಕು, ಪ್ರತಿ ಬೇಲಿಗೂ ಅದೇ ಇಳಿಜಾರು, ಅದೇ ಮುಖ, ಅದೇ ಮಣ್ಣಿನ ತೆರೆದ ಜೋಡಿ. ಯಾವುದಕ್ಕೆ ಬೇಲಿ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಬೇಲಿ ಹಾಕುವ ಮುಂಚೆ ಒಂದು ಹಂಗಾಮು ಎರಡನ್ನೂ ಅಳೆಯಿರಿ. ಈ ಸೊನ್ನೆಯ ವರ್ಷ ಬಿಟ್ಟವರೇ ಹೆಚ್ಚು, ಆಮೇಲೆ ಪೇಚಾಡುವವರೂ ಅವರೇ.

ಬೇಲಿ 10×10 ಮೀಟರ್ ಇರಲಿ, ಸುತ್ತ ಒಂದು ಮೀಟರ್ ಬಿಟ್ಟು ಒಳಗಿನ 8×8ರಲ್ಲಿ ಮಾತ್ರ ಚೌಕ. ಪ್ರಾಣಿಗಳು ಬೇಲಿಗೆ ಮೈ ಉಜ್ಜುತ್ತವೆ, ಕತ್ತು ತೂರಿಸಿ ತಿನ್ನುತ್ತವೆ, ಹೊರ ಅಂಚಿನಲ್ಲಿ ತುಳಿದು ದಾರಿ ಮಾಡುತ್ತವೆ. ಹೊರಗಿನ ಜೋಡಿಯೂ ಆ ದಾರಿಯಿಂದ ದೂರ ಇರಬೇಕು. ದಟ್ಟ ಜಾಲರಿ ಬೇಡ, ಅದು ಗಾಳಿ ತಡೆದು ಹಿಮ ಕೂಡಿಸುತ್ತದೆ. ಹಿಮ ಒಳಗೆ ತಡವಾಗಿ ಕರಗಿದರೆ ಗಿಡಗಳು ಬದಲಾಗುವುದು ಹಿಮದಿಂದ, ನೀವು ಬರೆಯುವುದು ಮೇಯುವುದು ನಿಂತದ್ದರಿಂದ ಎಂದು. ಬಿಡಿ ತಂತಿ ಕಟ್ಟಿ, ಹಿಮ ಬೀಳುವ ಮುಂಚೆ ಬಿಚ್ಚಿ ನೆಲಕ್ಕೆ ಇಳಿಸಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಜಾರುವ ಹಿಮ ಕಂಬಗಳನ್ನೇ ಮುರಿಯುತ್ತದೆ. ಇಲಿ, ಮೊಲಗಳನ್ನು ಈ ಬೇಲಿ ತಡೆಯುವುದಿಲ್ಲ ಎಂಬುದನ್ನೂ ಬರೆದಿಡಿ.

ಚೌಕ ಒಂದರೊಳಗೊಂದು: 10×10 ಸೆಂಟಿಮೀಟರ್, 1×1 ಮೀಟರ್, ಆಮೇಲೆ ಇಡೀ 8×8. ಮೂಲೆಗಳಲ್ಲಿ ನೆಟ್ಟ ಕೋಲು ಉಳಿಯುವುದಿಲ್ಲ, ದನ ಉಜ್ಜಿ ಕೀಳುತ್ತದೆ. ಕಬ್ಬಿಣದ ಮೊಳೆಯನ್ನು ನೆಲಮಟ್ಟಕ್ಕೆ ಹೊಡೆದು ಮುಂದಿನ ವರ್ಷ ಲೋಹ ಶೋಧಕದಿಂದ ಹುಡುಕಿ. ಜಿಪಿಎಸ್ ಮೂರು ನಾಲ್ಕು ಮೀಟರ್ ತಪ್ಪುತ್ತದೆ, ಒಂದು ಮೀಟರಿನ ಚೌಕಕ್ಕೆ ಅದು ಸಾಲದು, ಪಕ್ಕದ ಬಂಡೆಯಿಂದ ಟೇಪಿನ ಅಳತೆ ಬರೆದಿಡಿ. ಪ್ರತಿ ವರ್ಷ ಅದೇ ತಾರೀಕಿಗೆ ಹೋಗಬೇಡಿ, ಹಿಮ ಕರಗಿ ಅಷ್ಟೇ ದಿನವಾದಾಗ ಹೋಗಿ.

ಇನ್ನು ಯಾರೂ ಹೇಳದ ಒಂದು ಬಲೆ. ಬೇಲಿಯೊಳಗೆ ಗಿಡಗಳು ಹೂ ಬಿಟ್ಟು ನಿಂತಿರುತ್ತವೆ, ಸುಲಭವಾಗಿ ಗುರುತು ಸಿಗುತ್ತವೆ. ಹೊರಗೆ ಹೂ ತಿಂದುಹೋಗಿ ಬರೀ ಎಲೆ. ಅದರಲ್ಲೂ ಹುಲ್ಲು ಮತ್ತು ಜೊಂಡಿನ ಜಾತಿಗಳನ್ನು ಎಲೆಯಿಂದ ಬಿಡಿಸುವುದು ಕಷ್ಟ. ಎರಡು ಮೂರು ಜಾತಿ ಒಂದೇ ಹೆಸರಿನಡಿ ಹೋಗಿ, ಮೇದ ಜಾಗ ಬಡವಾಗಿ ಕಾಣುತ್ತದೆ. ನಿಜವಾಗಿ ಬಡವಾದದ್ದು ನಿಮ್ಮ ಗುರುತಿಸುವಿಕೆ. ಎಲೆ ಮತ್ತು ಕಾಂಡ ಸೇರುವಲ್ಲಿನ ಪೊರೆ, ಕಾಂಡವನ್ನು ಸುತ್ತಿದ ಎಲೆಬುಡದ ಅಂಚು, ಕಾಂಡದ ಅಡ್ಡಕೊಯ್ತ, ಇವುಗಳಿಂದ ಹೂವಿಲ್ಲದೆಯೂ ಬಿಡಿಸುವುದನ್ನು ಮೊದಲೇ ಕಲಿಯಬೇಕು. ಇಲ್ಲವೇ ತೆರೆದ ಜಾಗದಲ್ಲಿ, ಚೌಕದ ಹೊರಗೆ, ಹಂಗಾಮಿನ ಶುರುವಿನಲ್ಲೇ ಒಂದು ಸಣ್ಣ ಪಂಜರ ಮುಚ್ಚಿಟ್ಟು ಒಳಗಿನದು ಅರಳಿದ ಮೇಲೆ ಹೋಲಿಸಿ. ಒಂದೇ ಚೌಕವನ್ನು ಇಬ್ಬರು ನುರಿತವರು ನೋಡಿದರೂ ಪಟ್ಟಿಗಳು ಶೇಕಡಾ 10–20 ಬೇರೆಯಾಗುವುದು ಸಾಮಾನ್ಯ. ಅಷ್ಟೇ ಬದಲಾವಣೆ ಸಿಕ್ಕಿತೆಂದರೆ ಸಂಭ್ರಮಿಸುವ ಮುಂಚೆ ಇದನ್ನು ನೆನೆಯಿರಿ.

ಕುರಿಲೆಕ್ಕ

ಮೂರು ವರ್ಷಕ್ಕೆ ಫಲಿತಾಂಶ ಕೇಳೋರಿಗೆ ಏನು ಹೇಳೋದು ಸರ್?

ಸಸ್ಯಪಟ್ಟಿ

ಮೂರು ವರ್ಷಕ್ಕೆ ಎತ್ತರ, ಬರಿ ನೆಲದ ಪಾಲು, ನೆಲಮಟ್ಟದ ಬೆಳಕು, ಹೂಬಿಟ್ಟ ಕಾಂಡಗಳ ಎಣಿಕೆ ಬದಲಾಗುತ್ತವೆ, ಅವನ್ನು ಕೊಡಿ. ಜಾತಿಪಟ್ಟಿ ಬದಲಾಗಲು ದಶಕ ಬೇಕು. ಆಲ್ಪ್ಸ್‌ನ ಕೇರೆಕ್ಸ್ ಕರ್ವುಲಾ ಎಂಬ ಜೊಂಡಿನ ಒಂದು ಬುಡಕ್ಕೆ ಸುಮಾರು 2000 ವರ್ಷ ವಯಸ್ಸು ಎಂದು ಅಂದಾಜು ಮಾಡಿದ್ದಾರೆ. ಅಂಥ ಗಿಡ ಮೂರು ವರ್ಷದ ಬೇಲಿಯನ್ನು ಗಮನಿಸುವುದೂ ಇಲ್ಲ.

ಹುಲ್ಲುಚೌಕ

ಕೊನೆಯದೊಂದು. ಯೋಜನೆಯ ಜಾಗದಲ್ಲಿ ಹಳೆಯ ತಂಗುದಾಣದ ರೂಮೆಕ್ಸ್ ತೇಪೆ ಈಗಾಗಲೇ ಇದ್ದರೆ ಏನು ಮಾಡುವುದು? ಅಲ್ಲೇ ಮಂದೆ ಹೆಚ್ಚು ಬಿಟ್ಟರೆ ತುಳಿದು ಹೋಗುತ್ತದೆಯೇ?

ಗೊರಸುಗುರುತು

ಹೋಗುವುದಿಲ್ಲ, ಇನ್ನಷ್ಟು ಗೊಬ್ಬರ ಬಿದ್ದು ಕೊಬ್ಬುತ್ತದೆ. ಮೊದಲು ತಂಗುವ ಜಾಗ ಅಲ್ಲಿಂದ ಎದ್ದು ಹೋಗಬೇಕು. ಆಮೇಲೆ ಹೂಕಾಂಡ ಏಳುವ ಹೊತ್ತಿಗೆ, ಬೀಜ ಕಟ್ಟುವ ಮುಂಚೆ ಬುಡಕ್ಕೆ ಕೊಯ್ದು, ಕೊಯ್ದದ್ದನ್ನು ಅಲ್ಲೇ ಬಿಡದೆ ಹೊರಗೆ ಸಾಗಿಸಿ. ಸಾಗಿಸುವುದೇ ಮುಖ್ಯ, ಎಲೆಯಲ್ಲಿ ಹೋಗುವ ಸಾರಜನಕ ಅಷ್ಟು ಕಡಿಮೆಯಾದಂತೆ. ಮತ್ತೆ ಚಿಗುರಿದರೆ ಅದೇ ಹಂಗಾಮಿನಲ್ಲಿ ಎರಡನೇ ಸಲ. ಬೇರುಗಡ್ಡೆ ದಪ್ಪ, ಮಣ್ಣಿನಲ್ಲಿ ಬೀಜ ವರ್ಷಗಟ್ಟಲೆ ಕಾಯುತ್ತದೆ, ಹಾಗಾಗಿ ಹಲವು ವರ್ಷದ ಕೆಲಸ ಎಂದೇ ಬರೆದುಕೊಳ್ಳಿ. ಅಗೆದು ತೆಗೆಯುವುದಾದರೆ ಗಡ್ಡೆಯ ತುಂಡು ಮಣ್ಣಿನಲ್ಲಿ ಉಳಿಯದಂತೆ ನೋಡಿ, ಪ್ರತಿ ತುಂಡೂ ಒಂದು ಗಿಡವಾಗಬಲ್ಲದು. ಖಾಲಿಯಾದ ನೆಲಕ್ಕೆ ಅದೇ ಬೆಟ್ಟದ ಮೇಯದ ತುಂಡಿನಿಂದ ಬೀಜವಿರುವ ಹುಲ್ಲು ಕೊಯ್ದು ಹರಡಿ. ತೇಪೆಯ ಅಂಚಿನಿಂದ ಒಳಕ್ಕೆ ಕೆಲಸ ಮಾಡಿಕೊಂಡು ಬನ್ನಿ, ನಡುವಿನಿಂದ ಶುರುಮಾಡಿದರೆ ಅಂಚು ಹೊರಕ್ಕೆ ಹಬ್ಬುತ್ತಲೇ ಇರುತ್ತದೆ.